ಪಲ್ಲವಿಯನ್ನು ಎಲ್ಲಿ ಸೇರಿಸುವುದು

ಮೊದಲು ಕಂಡದ್ದು ನೀಲಿ ಕಲೆಗಳು. ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಪಲ್ಲವಿಯ ಮೊಣಕಾಲ ಕೆಳಗೆ, ತೊಡೆಯ ಮೇಲೆ, ಎಲ್ಲೆಂದರಲ್ಲಿ. ಬಿದ್ದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಮಸಿನಗುಡಿಯ ಶಾಲೆಯ ಟೀಚರ್ ನನ್ನನ್ನು ಕರೆಸಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ಮೆಲ್ಲಗೆ ಕೇಳಿದರು. ಸಿಟ್ಟು ಮಾಡಿಕೊಂಡು ಮನೆಗೆ ಬಂದೆ. ಅದೇ ವಾರ ಹಲ್ಲುಜ್ಜುವಾಗ ಅವಳ ವಸಡಿನಿಂದ ರಕ್ತ ಬಂತು.

ನಿಲ್ಲಲೇ ಇಲ್ಲ.

ಊಟಿಯಲ್ಲಿ ರಕ್ತ ಪರೀಕ್ಷೆ ಮಾಡಿ ಕೊಯಮತ್ತೂರಿಗೆ ಕಳಿಸಿದರು. ಅಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿ ಅಪ್ಲಾಸ್ಟಿಕ್ ಅನೀಮಿಯಾ ಎಂದರು. ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತುಹೋಗಿದೆ, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗಬೇಕು, ಒಡಹುಟ್ಟಿದವರ ಮಜ್ಜೆ ಹೊಂದಿಕೆಯಾದರೆ ಒಳ್ಳೆಯದು ಎಂದರು. ಪಲ್ಲವಿಗೆ ಆಗ ಎಂಟು, ಅವಳ ಅಕ್ಕ ನಂದಿನಿಗೆ ಹದಿಮೂರು. ನಂದಿನಿಯದು ಪೂರ್ತಿ ಹೊಂದಿತು.

ಇನ್ನು ಆಸ್ಪತ್ರೆ ಯಾವುದು ಎನ್ನುವುದಷ್ಟೇ ಉಳಿದಿತ್ತು.

ನಾವು ಮಸಿನಗುಡಿ ಹತ್ತಿರದ ಮಾವನಲ್ಲ ಎಂಬ ಊರಿನವರು. ಸ್ವಲ್ಪ ಜಮೀನಿದೆ, ನನ್ನ ಗಂಡ ಸಿದ್ದರಾಜು ಪ್ರವಾಸಿಗರಿಗೆ ಜೀಪು ಓಡಿಸುತ್ತಾರೆ. ದೊಡ್ಡ ತೀರ್ಮಾನ ಏನಿದ್ದರೂ ಮೈಸೂರಿನಲ್ಲಿರುವ ಅವರ ಅಣ್ಣನ ಬಾಯಿಂದಲೇ ಬರಬೇಕು. ಭಾವನವರು ಬ್ಯಾಂಕಿನಲ್ಲಿದ್ದಾರೆ, ನಾಲ್ಕು ಜನರನ್ನು ಬಲ್ಲವರು. ಬೆಂಗಳೂರಿನ ಒಂದು ಹೊಸ ಆಸ್ಪತ್ರೆ ಎಂದು ಫೋನಿನಲ್ಲೇ ನಿಶ್ಚಯಿಸಿಬಿಟ್ಟಿದ್ದರು. ಎಲ್ಲರೂ ಹೋದೆವು.

ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. ಕೋಣೆಯಲ್ಲಿ ಟಿವಿ, ಗೋಡೆಯ ಮೇಲೆ ಬಣ್ಣದ ಮೀನುಗಳು. ಡಾಕ್ಟರ್ ಕೂಡ ಸೌಮ್ಯವಾಗಿ ಮಾತಾಡಿದರು. ಈ ಕಾಯಿಲೆಯ ಎಷ್ಟು ಮಕ್ಕಳಿಗೆ ಇಲ್ಲಿ ಟ್ರಾನ್ಸ್‌ಪ್ಲಾಂಟ್ ಮಾಡಿದ್ದೀರಿ, ಅವರಲ್ಲಿ ಎಷ್ಟು ಜನ ಈಗ ಓಡಾಡಿಕೊಂಡಿದ್ದಾರೆ ಎಂದು ಕೇಳಿದೆ. ಅವರು ನಕ್ಕು, ಭಾವನವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತು ಮುಂದುವರಿಸಿದರು. ಮತ್ತೆ ಕೇಳಿದೆ.

"ನೀವು ಧೈರ್ಯವಾಗಿರಿ ಅಮ್ಮ, ಅಷ್ಟು ಸಾಕು. ಅದೆಲ್ಲ ನಾವು ನೋಡ್ಕೋತೀವಿ."

ಧೈರ್ಯವನ್ನು ನಾನು ಅವರ ಹತ್ತಿರ ಕೇಳಿರಲಿಲ್ಲ.

ಕೊಯಮತ್ತೂರಿನವರು ಇನ್ನೊಂದು ಆಸ್ಪತ್ರೆಯ ಹೆಸರನ್ನೂ ಹೇಳಿದ್ದರು. ತಮಿಳುನಾಡಿನದೇ, ರೈಲು ಹತ್ತಿ ಹೋಗಬೇಕು, ಹಳೆಯದು. ಅಲ್ಲಿ ಬರೀ ನೂಕುನುಗ್ಗಲು ಎಂದು ಭಾವನವರು ಬರಲೇ ಇಲ್ಲ. ಮಕ್ಕಳಿಬ್ಬರನ್ನೂ ಕರೆದುಕೊಂಡು ನಾವೇ ಹೋದೆವು.

ನಿಜಕ್ಕೂ ನೂಕುನುಗ್ಗಲೇ. ಯಾರಾದರೂ ಕೆಮ್ಮಿದರೆ ಪಲ್ಲವಿಯ ಮೂಗಿಗೆ ಸೆರಗು ಹಿಡಿಯುತ್ತಾ ಕಾರಿಡಾರಿನಲ್ಲಿ ಕೂತೆ. ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅದೇ ಪ್ರಶ್ನೆಯನ್ನು ತಮಿಳಿನಲ್ಲಿ ಕೇಳಿದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಎಷ್ಟು ಮಕ್ಕಳು ಮನೆಗೆ ಹೋದರು, ಎಷ್ಟು ಮಕ್ಕಳು ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಲ್ಲವನ್ನೂ ಹೇಳಿದರು. ಫಂಗಲ್ ಇನ್‌ಫೆಕ್ಷನ್ ಬರಬಹುದು. ಅಕ್ಕನ ಕಣಗಳೇ ತಂಗಿಯ ಮೈಯ ಮೇಲೆ ತಿರುಗಿಬೀಳಬಹುದು. ಪ್ಲೇಟ್‌ಲೆಟ್ ಕೊಡುವ ಜನ ನಮ್ಮ ಕಡೆಯಿಂದ ಸಿದ್ಧವಿರಬೇಕು. ಟ್ರಾನ್ಸ್‌ಪ್ಲಾಂಟ್ ವಾರ್ಡು ಬೇರೆಯೇ ಇತ್ತು, ಒಳಗೆ ಗಾಳಿಯನ್ನೂ ಶೋಧಿಸಿ ಬಿಡುತ್ತಾರಂತೆ, ಗಾಜಿನಾಚೆಯಿಂದ ತೋರಿಸಿದರು. ಹೆದರಿ ಪಲ್ಲವಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಆದರೆ ಅಷ್ಟು ದಿನಗಳಲ್ಲಿ ನಾವು ಎಲ್ಲಿ ನಿಂತಿದ್ದೇವೆ ಎಂದು ಗೊತ್ತಾದದ್ದು ಆವತ್ತೇ.

ಆಮೇಲೆ ನಮ್ಮನ್ನು ಹೊರಗೆ ಕಳಿಸಿ ನಂದಿನಿಯೊಬ್ಬಳನ್ನೇ ಕೂರಿಸಿಕೊಂಡರು. ಬೆಂಗಳೂರಿನಲ್ಲಿ ಅವಳನ್ನು ಯಾರೂ ಮಾತಾಡಿಸಿರಲಿಲ್ಲ. ಹೊರಗೆ ಬಂದ ಮೇಲೆ ಏನು ಕೇಳಿದರು ಎಂದೆ.

"ಕೊಡಕ್ಕೆ ನಂಗೆ ಇಷ್ಟ ಇದೆಯಾ ಅಂತ ಕೇಳಿದ್ರು. ಬೇಡ ಅಂದ್ರೂ ಯಾರೂ ಬೈಯಲ್ಲ ಅಂದ್ರು."

"ನೀನೇನಂದೆ?"

"ತೆಗೆದ್ರೆ ಮತ್ತೆ ಬೆಳೆಯುತ್ತಾ ಅಂದೆ. ಬೆಳೆಯುತ್ತೆ ಅಂದ್ರು. ಹಂಗಾದ್ರೆ ತಗೊಳ್ಳಿ ಅಂದೆ."

ನನ್ನ ಮಟ್ಟಿಗೆ ಅಲ್ಲಿಗೆ ತೀರ್ಮಾನವಾಯಿತು.

ಆ ಭಾನುವಾರ ಭಾವನವರು ಮನೆಗೆ ಬಂದರು. ಒಂದು ಮಗುವಿಗಾಗಿ ಇನ್ನೊಂದಕ್ಕೂ ಸೂಜಿ ಚುಚ್ಚಿಸುತ್ತೀಯಾ, ನಾಳೆ ನಂದಿನಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಅತ್ತೆ ಗೊಣಗಿದರು. ಭಾವನವರು ನನ್ನ ಕಡೆ ನೋಡಿದರು.

"ಅಂಥ ಆಸ್ಪತ್ರೆ ಬಿಟ್ಟು ಅಲ್ಲಿಗೆ ಹೋಗ್ತೀನಿ ಅಂತೀಯಲ್ಲಮ್ಮ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

"ನಾನೇ, ಭಾವ."

ಮದುವೆಯಾಗಿ ಬಂದಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಆದರೂ ನಿಲ್ಲಿಸಲಿಲ್ಲ.

"ಎಲ್ಲಾ ಸರಿಹೋಗುತ್ತೆ ಅನ್ನೋರು ನಂಗೆ ಬೇಡ. ಸರಿಹೋಗದಿದ್ರೆ ಏನ್ ಮಾಡ್ತೀವಿ ಅಂತ ಹೇಳೋರು ಬೇಕು."

ಅದುವರೆಗೆ ನೆಲ ನೋಡುತ್ತಾ ಕೂತಿದ್ದ ನನ್ನ ಗಂಡ ತಲೆ ಎತ್ತಿದರು. "ಅಣ್ಣ, ಮಗು ಜೊತೆ ಒಳಗೆ ಇರೋಳು ಅವಳು. ಅವಳು ಹೇಳಿದ ಕಡೆಗೇ ಹೋಗ್ತೀವಿ."

ಭಾವನವರು ಕಾಫಿ ಕುಡಿಯದೆ ಎದ್ದುಹೋದರು.

ಹಣದ ವಿಷಯ ಇಲ್ಲಿ ಬರೆಯುವುದಿಲ್ಲ, ಅದು ಬೇರೆಯೇ ಕಥೆ. ಕೀಮೋ ಕೊಟ್ಟರು. ಕೂದಲು ಹೋಯಿತು. ಬಾಯಿ ತುಂಬ ಹುಣ್ಣಾಗಿ ಪಲ್ಲವಿ ಉಗುಳು ನುಂಗಲೂ ಅಳುತ್ತಿದ್ದಳು. ನಂದಿನಿಯ ಮಜ್ಜೆ ಒಂದು ಚೀಲದಲ್ಲಿ ಬಂತು, ಕಡುಗೆಂಪು, ಸಾಮಾನ್ಯ ರಕ್ತದ ಹಾಗೆಯೇ. ಮಸಿನಗುಡಿಯ ಜೀಪು ಡ್ರೈವರುಗಳು ಸರದಿಯಲ್ಲಿ ಬಂದು ಪ್ಲೇಟ್‌ಲೆಟ್ ಕೊಟ್ಟರು. ಒಂದು ದಿನ ಭಾವನವರೂ ಬಂದು ತೋಳು ಚಾಚಿದರು. ಆಸ್ಪತ್ರೆಯ ಬಗ್ಗೆ ಅವರು ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಜ್ವರ ಬಂತು, ಅಂಗೈ ಅಂಗಾಲು ಕೆಂಪಾಗಿ ಸುಲಿಯಿತು. ಅಕ್ಕನ ಕಣಗಳು ತಿರುಗಿಬಿದ್ದಿದ್ದವು. ಡಾಕ್ಟರ್ ಮೊದಲೇ ಹೇಳಿದ್ದರಿಂದ ನನಗೆ ಅದರ ಹೆಸರು ಗೊತ್ತಿತ್ತು. ಹೆಸರು ಗೊತ್ತಿದ್ದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಆದರೆ ಯಾರನ್ನು, ಏನು ಕೇಳಬೇಕು ಎಂಬುದು ತಿಳಿದಿರುತ್ತದೆ. ಕೇಳಿದೆ. ಪ್ರತಿದಿನ ಕೇಳಿದೆ.

ರಕ್ತಕಣಗಳ ಕೌಂಟ್ ಏರತೊಡಗಿತು.

ಈಗ ಪಲ್ಲವಿ ಮನೆಯಲ್ಲಿದ್ದಾಳೆ. ಮಾತ್ರೆ, ಮಾಸ್ಕ್, ಕುದಿಸಿದ ನೀರು, ಮತ್ತೆ ಮತ್ತೆ ಚೆಕಪ್. ಪೂರ್ತಿ ವಾಸಿಯಾಯಿತು ಎಂಬ ಮಾತನ್ನು ಡಾಕ್ಟರ್ ಇನ್ನೂ ಆಡಿಲ್ಲ. ಆ ಆಸ್ಪತ್ರೆಗೆ ಸೇರಿಸಿದ್ದಕ್ಕೇ ಮಗಳು ಉಳಿದಳು ಎಂದು ನಾನೂ ಹೇಳುವುದಿಲ್ಲ. ಅದೇ ವಾರ್ಡಿನಲ್ಲಿ, ಅದೇ ಡಾಕ್ಟರ ಕೈಯಲ್ಲಿ, ಪಕ್ಕದ ಕೋಣೆಯ ಹುಡುಗ ಉಳಿಯಲಿಲ್ಲ. ಅವನ ತಾಯಿ ನನಗಿಂತ ಚೆನ್ನಾಗಿ ಪ್ರಶ್ನೆ ಕೇಳುತ್ತಿದ್ದವಳು. ಆ ಡಾಕ್ಟರಿಗೆ ನಾನು ಋಣಿ. ಅವರ ಮುಂದೆ ಒಮ್ಮೆಯೂ ಕೈಕಟ್ಟಿ ನಿಲ್ಲಬೇಕಾಗಲಿಲ್ಲ ಎನ್ನುವುದಕ್ಕೆ ಇನ್ನೂ ಹೆಚ್ಚು ಋಣಿ.

ಮೊನ್ನೆ ಚೇರಂಬಾಡಿಯಿಂದ ಒಬ್ಬಳು ಹುಡುಕಿಕೊಂಡು ಬಂದಿದ್ದಳು. ಅವಳ ಮಗನಿಗೂ ಇದೇ ಕಾಯಿಲೆ. ಯಾವ ಆಸ್ಪತ್ರೆ ಒಳ್ಳೆಯದು ಎಂದಳು. ಎರಡು ಕಡೆಯಾದರೂ ಹೋಗಿ, ಮಗನನ್ನು ಜೊತೆಯಲ್ಲೇ ಕೂರಿಸಿಕೊಂಡು, ಹೀಗೆ ಹೀಗೆ ಕೇಳು ಎಂದು ಹೇಳಿಕೊಟ್ಟೆ. ಅಷ್ಟೆಲ್ಲ ಕೇಳಿದರೆ ಡಾಕ್ಟರಿಗೆ ಕೋಪ ಬರುವುದಿಲ್ಲವಾ ಅಕ್ಕಾ ಎಂದಳು.

ಬಂದರೆ ಎದ್ದು ಮುಂದಿನ ಆಸ್ಪತ್ರೆಗೆ ಹೋಗು ಎಂದೆ.