ತೊಳೆದ ಕೋಕೋ ಬೀಜ

ಸದಾನಂದ, ನಿನ್ನ ಕೋಕೋ ಕೆಡಿಸಿದ್ದು ಆ ನೆಲವಲ್ಲ. ನಾನು. ಕೆಡಿಸಿದ್ದಲ್ಲದೆ ಸುಳ್ಳನ್ನೂ ಹೇಳಿದೆ.

ಈ ದೇಶದ ಉತ್ತರದ ತುದಿಯಲ್ಲಿ, ಡಾಂಬರು ರಸ್ತೆ ಮುಗಿದ ಮೇಲೂ ಬಹಳ ದೂರ ಹೋಗಬೇಕಾದ ಕಡೆ, ನೀನು ಲೀಸಿಗೆ ನೆಲ ಹಿಡಿದು ಕೋಕೋ ನೆಟ್ಟಿದ್ದೆ. "ಅಲ್ಲಿಯ ಸೆಖೆ, ಮಳೆ ಎಲ್ಲ ನಮ್ಮ ಪುತ್ತೂರಿನ ಹಾಗೇ ಅತ್ತಿಗೆ" ಎನ್ನುತ್ತಿದ್ದೆ. ಮೊದಲ ಫಸಲಿನ ಹೊತ್ತಿಗೆ ಅಲ್ಲಿ ಮಳೆ ಬಿಡಲಿಲ್ಲ. ಬೀಜ ಒಣಗಿಸಲು ಬಿಸಿಲು ಬೇಕೆಂದು ನೀನು ಕಾಯಿಗಳನ್ನು ಐಸ್‌ಬಾಕ್ಸಿನಲ್ಲಿ ತುಂಬಿಕೊಂಡು ಸಿಡ್ನಿಗೆ, ರೌಸ್ ಹಿಲ್‌ನ ನಮ್ಮ ಮನೆಗೆ ಬಂದೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತು ಕಾಯಿ ಒಡೆದು, ಬಿಳಿ ಲೋಳೆ ಸಮೇತ ಬೀಜಗಳನ್ನು ಮರದ ಪೆಟ್ಟಿಗೆಗೆ ಹಾಕಿ ಗೋಣಿ ಮುಚ್ಚಿದೆ.

"ಒಂದು ವಾರ ಹುಳಿ ಬರ್ಲಿ ಅತ್ತಿಗೆ, ಮತ್ತೆ ಬಿಸಿಲಿಗೆ ಹಾಕಿ. ತೊಳಿಯುದು ಮಾತ್ರ ಬೇಡ, ಆಯ್ತಾ?" ಎಂದು ಹೇಳಿ, ಯಾವುದಕ್ಕೂ ಇರಲಿ ಎಂದು ಒಂದು ಕೆಲಸದ ಇಂಟರ್‌ವ್ಯೂಗೆ ಮೆಲ್ಬರ್ನ್‌ಗೆ ಹೋದೆ.

ಅದೇ ವಾರ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದಕ್ಕೆ ರವೆ ಹುರಿಯುತ್ತಿದ್ದೆ. ಸಹಾಯಕ್ಕೆ ಬಂದ ಪಕ್ಕದ ಬೀದಿಯ ಶೈಲಾ ಮೂಗು ಮುಚ್ಚಿಕೊಂಡು, "ಏನ್ ಆಂಟಿ, ಪೂಜೆ ದಿನಾನೇ ಕಳ್ಳಂಗಡಿ ಓಪನ್ ಮಾಡಿದ್ದೀರಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಭಟ್ಟರು ಬರುವ ಹೊತ್ತು — ದೇವರ ಮುಂದೆ ಹೆಂಡದ ವಾಸನೆ! ಪೆಟ್ಟಿಗೆಯನ್ನು ಶೆಡ್ಡಿಗೆ ಸಾಗಿಸಬಹುದಿತ್ತು. ಸಾಗಿಸಲಿಲ್ಲ. ವಾರ ತುಂಬುವ ಮೊದಲೇ ಬೀಜಗಳನ್ನು ಅಕ್ಕಿ ತೊಳೆದ ಹಾಗೆ ತೊಳೆದೆ, ನೀರು ತಿಳಿಯಾಗುವವರೆಗೆ. ಆಮೇಲೆ ಬಿಸಿಲಿಗೆ ಹರಡಿದೆ.

ನೀನು ಮರಳಿದ ಮೇಲೆ ಇಬ್ಬರೂ ಚಾಕೊಲೇಟ್ ಮಾಡುವ ಆ ಮುದುಕನ ಬಳಿ ಹೋದೆವಲ್ಲ — ಅವನು ಬೀಜ ಹುರಿದು, ಜಗಿದು, ಉಗಿದುಬಿಟ್ಟ. ಚಾಕೊಲೇಟಿನ ವಾಸನೆಯೇ ಇಲ್ಲ, ಸರಿಯಾಗಿ ಹುಳಿ ಬರಿಸಿದ್ದೀರಾ ಎಂದು ಕೇಳಿದ.

ನೀನು ನನ್ನತ್ತ ತಿರುಗಿದೆ. "ವಾರ ಪೂರ್ತಿ ಇಟ್ಟಿದ್ರಲ್ಲ ಅತ್ತಿಗೆ?"

"ಹ್ಞೂಂ, ಇಟ್ಟಿದ್ದೆ."

ಹಾಗಾದರೆ ಆ ಜಾಗವೇ ಕೋಕೋಗೆ ಆಗದು, ಎಂದ ಅವನು.

ಕೊಳೆ ಎಂದುಕೊಂಡು ತೊಳೆದಿದ್ದೆ — ಚಾಕೊಲೇಟಿನ ಪರಿಮಳ ಹುಟ್ಟುವುದೇ ಆ ಹುಳಿಯಿಂದ ಎಂದು ಅವನ ಮಾತಿನಿಂದ ಗೊತ್ತಾಯಿತು. ಆಗಲೇ ಬಾಯಿ ಬಿಡಬಹುದಿತ್ತು. ಕಾರಿನಲ್ಲಿ, ಮರುದಿನ ತಿಂಡಿಯ ಹೊತ್ತಿಗೆ — ಬಿಡಲಿಲ್ಲ. ನೀನು ಲೀಸು ಬಿಟ್ಟುಕೊಟ್ಟೆ. ಹೊಸಬರು ದನ ಮೇಯಿಸಲೆಂದು ಗಿಡಗಳನ್ನೆಲ್ಲ ಬುಲ್ಡೋಜರಿನಿಂದ ಕೆಡವಿದರು. ನೀನು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಆಫೀಸು ಸೇರಿದೆ.

ಈಗ ನಾವೂ ಮೆಲ್ಬರ್ನ್‌ಗೆ, ಟಾರ್ನೀಟ್‌ಗೆ ಬಂದಿದ್ದೇವೆ. ಮೊನ್ನೆ ನಿಮ್ಮ ಹಿತ್ತಲಿಗೆ ಒಂದು ನಿಂಬೆ ಗಿಡ ತಂದರೆ ನೀನು, "ನೀವೇ ನೆಡಿ ಅತ್ತಿಗೆ. ನನ್ನ ಕೈ ಆಗುದಿಲ್ಲ, ನಂಗೆ ಮಣ್ಣು ಗೊತ್ತಾಗುದಿಲ್ಲ" ಎಂದೆ. "ಡ್ಯಾಡ್ ಆಲ್ವೇಸ್ ಪಿಕ್ಸ್ ಬ್ಯಾಡ್ ಡರ್ಟ್" ಎಂದು ನಿನ್ನ ಮಗಳು, ನೀನು ಆರಿಸುವ ಮಣ್ಣನ್ನೇ ಕಿಚಾಯಿಸಿದಳು. ನೀನೂ ನಕ್ಕೆ. ನನ್ನಿಂದ ಹೋದದ್ದು ತೋಟವೊಂದೇ ಎಂದುಕೊಂಡಿದ್ದೆ, ಇಷ್ಟು ವರ್ಷ. ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆಯನ್ನೂ ಕಳೆದಿದ್ದೆ.

ಇದನ್ನು ಓದಿ ನೀನು ನನ್ನನ್ನು ಮನೆಗೆ ಸೇರಿಸದಿರಬಹುದು. ಸೇರಿಸಿದರೆ, ಮೊದಲು ನಿನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ: ನಿನ್ನಪ್ಪ ನೆಟ್ಟ ಗಿಡಗಳು ಕಾಯಿ ಬಿಟ್ಟಿದ್ದವು ಮಗಾ. ನಾನು ಕಣ್ಣಾರೆ ಕಂಡಿದ್ದೇನೆ.