ಸಿಹಿನೀರಿನ ಬೋರಿಗೆ ನೋಟಿಸು ಕೊಟ್ಟದ್ದು

ನಾನು ಗ್ರಾಮ ಲೆಕ್ಕಾಧಿಕಾರಿಯಾಗಿ ಬೆಳವಣಕಿಗೆ ಬಂದ ಮೊದಲ ಬೇಸಿಗೆ ಅದು. ಊರಿನ ಬೋರುಗಳು ಬತ್ತಿದ್ದವು, ಬತ್ತದವು ಸವುಳು ನೀರು ಕೊಡುತ್ತಿದ್ದವು. ಕುಡಿಯಲು ಬರುವ ನೀರಿದ್ದದ್ದು ಊರಂಚಿನಲ್ಲಿ ಒಬ್ಬ ಅಜ್ಜಿಯ ಹೊಲದ ಬೋರಿನಲ್ಲಿ ಮಾತ್ರ. ಮಳೆ ಬರುವವರೆಗೆ ಅದನ್ನು ಸರಕಾರ ವಶಕ್ಕೆ ತೆಗೆದುಕೊಳ್ಳುತ್ತದೆ ಎಂಬ ತಹಶೀಲ್ದಾರರ ಆದೇಶವನ್ನು ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ಅಜ್ಜಿ ಮತ್ತು ಅವಳ ಸೊಸೆ ಅರ್ಧ ಎಕರೆ ಬದನೆ ಬೆಳೆದು ರೋಣದ ಸಂತೆಗೆ ಒಯ್ಯುತ್ತಿದ್ದರು. ನಾನು ಹೋದಾಗ ಅಜ್ಜಿ ಕಳೆ ಕೀಳುತ್ತಿದ್ದಳು. ಕಾಗದ ನೋಡಿ, "ಓದಿ ಹೇಳವ್ವಾ" ಅಂದಳು. ಓದಿದೆ.

"ಊರ ಮಂದಿ ಬಂದು ಕೇಳಿದ್ರ ನಾ ಇಲ್ಲ ಅಂತಿದ್ನೇನು? ನಡುವ ಸರಕಾರ ಯಾಕ ಬೇಕಾತು?"

"ಕೇಳಿದವ್ರಿಗೆ ಕೊಡೂದು ಬ್ಯಾರೆ ಆಯಿ. ಎಲ್ಲಾರಿಗೂ ಮುಟ್ಟಬೇಕಲ್ರಿ."

ಅಜ್ಜಿ ಕೈಯ ಮಣ್ಣು ಒರೆಸಿಕೊಂಡಳು. "ಅದೂ ಖರೇನ. ಕೇಳಾಕ ನಾಚ್ಕೊಳ್ಳೋರೂ ಅದಾರ" ಅಂದಳು. ಆಮೇಲೆ, "ಮತ್ತ ನನ್ನ ಬದನಿ?"

ಆದೇಶದಲ್ಲಿ ಬದನೆಯ ಮಾತಿರಲಿಲ್ಲ. ಅಲ್ಲಿಂದಲೇ ಕಚೇರಿಗೆ ಫೋನು ಹಚ್ಚಿ ಕೇಳಿದೆ. ಜನ ನೀರು ತುಂಬಿಕೊಂಡ ಮೇಲೆ ದಿನಕ್ಕೆ ಒಂದು ತಾಸು ಹೊಲಕ್ಕೆ ಬಿಡಬಹುದು ಎಂದರು. ಅದನ್ನೂ ಪಂಚನಾಮೆಯಲ್ಲಿ ಬರೆದೆ. ಅಜ್ಜಿ ಎರಡೆರಡು ಸಲ ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದಳು.

ಅಂದು ಸಂಜೆಯೇ ಪಂಚಾಯಿತಿಯವರು ಬೋರಿನಿಂದ ಹೊಲದಂಚಿಗೆ ಪೈಪು ಎಳೆದು ನಲ್ಲಿ ಕೂಡಿಸಿದರು. ಮರುದಿನ ಮುಂಜಾನೆ ನಾನೂ ಕೊಡ ಹಿಡಿದು ಹೋದೆ. ನನ್ನ ಬಾಡಿಗೆ ಕೋಣೆಯಲ್ಲೂ ಒಂದು ಹನಿ ನೀರಿರಲಿಲ್ಲ. ಪಾಳಿಯಲ್ಲಿ ನಿಂತ ಹೆಂಗಸರು ನನ್ನನ್ನು ಕಂಡು, "ಬರ್ರಿ ಅಕ್ಕಾರ, ಮುಂದ ಬರ್ರಿ" ಎಂದು ದಾರಿ ಬಿಟ್ಟರು. ನಾನೂ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟೆ. ಮೋಟರಿನ ಹತ್ತಿರ ಕೂತಿದ್ದ ಅಜ್ಜಿ ಕೂಗಿದಳು:

"ಪಾಳಿ ಅಂದ್ರ ಪಾಳಿ! ಸರಕಾರ ಆದ್ರೂ ಹಿಂದ ನಿಂದರಬೇಕು!"

ಎಲ್ಲರೂ ನಕ್ಕರು. ಕಿವಿ ಬಿಸಿಯಾಗಿ, ನಾನೂ ನಗುತ್ತಲೇ ಹಿಂದೆ ಹೋಗಿ ನಿಂತೆ. ಗಜೇಂದ್ರಗಡದ ನೇಕಾರರ ಮನೆಯವಳು ನಾನು. ಮಗ್ಗ ಗೊತ್ತಿತ್ತು, ತಲೆಯ ಮೇಲೆ ಕೊಡ ಹೊತ್ತು ನಡೆಯುವುದು ಗೊತ್ತಿರಲಿಲ್ಲ. ಅರ್ಧ ನೀರು ಹೆಗಲ ಮೇಲೆ ಚೆಲ್ಲಿತು. ಅಜ್ಜಿಯ ಸೊಸೆ ಓಡಿ ಬಂದು ಹಳೆ ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, "ಕುತ್ತಿಗಿ ಬಿಗಿ ಹಿಡೀಬ್ಯಾಡ್ರಿ, ಸಡ್ಲ ಬಿಡ್ರಿ" ಎಂದು ಕಲಿಸಿದಳು. ವಾರದೊಳಗೆ ಒಂದು ಹನಿ ಚೆಲ್ಲದೆ ಮನೆ ಸೇರತೊಡಗಿದೆ. ಆ ಪಾಳಿಯಲ್ಲೇ ನನಗೆ ಊರಿನ ಪರಿಚಯವಾಯಿತು. ಯಾರಿಗೆ ಪಿಂಚಣಿ ನಿಂತಿದೆ, ಯಾರ ಹೊಲದ ಪಹಣಿ ಉತಾರದಲ್ಲಿ ಹೆಸರು ತಪ್ಪಿದೆ ಎಂಬುದೆಲ್ಲ ಕಚೇರಿಗಿಂತ ಮೊದಲು ಅಲ್ಲೇ ಗೊತ್ತಾಗುತ್ತಿತ್ತು.

ಮಳೆ ಹಿಡಿಯಿತು, ಆದೇಶ ಮುಗಿಯಿತು. ಹೇಳಲು ಹೋದೆ. "ಇನ್ನ ಬೋರು ಪೂರಾ ನಿಮ್ದ ಆಯಿ. ನಾಳೆ ಪೈಪು ಬಿಚ್ಚಿಸ್ತೀನ್ರಿ."

"ಬಿಚ್ಚಬ್ಯಾಡ" ಅಂದಳು ಅಜ್ಜಿ. "ಮಂದಿ ಸಿಹಿನೀರು ಕುಡ್ಯಾಕ ಹತ್ಯಾರ. ಇನ್ನ ಸವುಳು ಹ್ಯಾಂಗ ಗಂಟಲದಾಗ ಇಳೀಬೇಕು?"

ಪೈಪು ಅಲ್ಲೇ ಉಳಿಯಿತು. ನಾನು ಆ ಊರಲ್ಲಿದ್ದ ಮೂರು ವರ್ಷವೂ ಕುಡಿದದ್ದು ಆ ನೀರನ್ನೇ.