ಸುಮಲತಾಳ ಗಮನ

ಬಾಳೆಹೊನ್ನೂರಿನ ಸುಮಲತಾ ಹೊಲಿದು ಮುಗಿಸಿದ ರವಿಕೆಗಳಿಗಿಂತ ಅರ್ಧಕ್ಕೆ ಬಿಟ್ಟವೇ ಹೆಚ್ಚು. ತೋಳು ಕೂರಿಸುತ್ತಿದ್ದವಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಅಡುಗೆಮನೆಗೆ ಹೋದವಳು ಸೊಪ್ಪು ಬಿಡಿಸುತ್ತ ಕೂರುತ್ತಿದ್ದಳು, ಹಾಲು ಉಕ್ಕಿ ಹೋಗುತ್ತಿತ್ತು. ಶಾಲೆಯಲ್ಲಿ ಅವಳನ್ನು ಮಂಕು ಎಂದರು, ತವರಿನಲ್ಲಿ ಸೋಮಾರಿ ಎಂದರು. ಅತ್ತೆ ವೀರಬಸಮ್ಮ ಎರಡನ್ನೂ ಸೇರಿಸಿ ಅಂದರು. ಇಷ್ಟನ್ನು ಅವಳು ಸಹಿಸಿಕೊಂಡಿದ್ದಳು. ಸಹಿಸಲಾಗದೆ ಹೋದದ್ದು ಹಾಸಿಗೆಯ ವಿಷಯ.

ಗಂಡ ರೇಣುಕಪ್ಪ ಕಾಫಿ, ಮೆಣಸಿನ ವ್ಯಾಪಾರಿ. ಅವನು ಮೈ ಮುಟ್ಟಿದರೆ ಅವಳಿಗೆ ಬೇಡವೆನಿಸುತ್ತಿರಲಿಲ್ಲ, ಬೇಕೆಂದೇ ಅನಿಸುತ್ತಿತ್ತು. ಆದರೆ ಅವನ ಬನಿಯನ್ನಿನ ಸೋಪಿನ ವಾಸನೆ, ಬೀದಿಯ ಬೈಕಿನ ಸದ್ದು, ಮಗಳ ಹರಿದ ಬ್ಯಾಗು ಒಂದರ ಹಿಂದೊಂದು ನುಗ್ಗಿ ಮನಸ್ಸನ್ನು ಎಳೆದೊಯ್ಯುತ್ತಿದ್ದವು. ಅದು ವಾಪಸು ಬರುವಷ್ಟರಲ್ಲಿ ಅವನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಒಂದು ಸಲ ನಡುವೆಯೇ ಕೇಳಿಬಿಟ್ಟಳು: "ರೀ, ಅಂಗಳದ ಮೆಣಸಿಗೆ ಟಾರ್ಪಾಲು ಹೊದ್ಸಿದ್ರಾ?"

ಅವನು ಎದ್ದು ಕೂತ. "ಯಾರ ಮೇಲಿದೆಯೇ ನಿನ್ ಮನಸ್ಸು?"

"ಮೆಣಸಿನ ಮೇಲೆ" ಎಂದಳು. ಹೇಳಿದ್ದು ನಿಜ. ಅವನು ನಂಬಲಿಲ್ಲ. ಆಮೇಲೆ ಅವಳ ಫೋನನ್ನು ದಿನವೂ ತೆಗೆದು ನೋಡತೊಡಗಿದ.

ಎರಡು ಮಕ್ಕಳಾದ ಮೇಲೆ ಗರ್ಭ ನಿಲ್ಲದಿರಲು ಕೊಟ್ಟ ಗುಳಿಗೆ ನುಂಗುವುದನ್ನು ಮರೆತು ಮತ್ತೆ ಬಸಿರಾದಳು. ನಿರೋಧ್ ತನಗೆ ಆಗದು ಎಂದಿದ್ದವನು ಅವನು. ತಪ್ಪು ಮಾತ್ರ ಅವಳದಾಯಿತು. ಗರ್ಭಪಾತಕ್ಕೆ ಹೋದಾಗ ಕೊಪ್ಪದ ವೈದ್ಯೆ ಬೈಯಲಿಲ್ಲ. "ಚಿಕ್ಕೋಳಿದ್ದಾಗಿಂದ್ಲೂ ಹೀಗೇನಾ ಮಾರಾಯ್ತಿ?" ಎಂದು ಎಲ್ಲವನ್ನೂ ಕೇಳಿ ತಿಳಿದು, ಶಿವಮೊಗ್ಗದ ಮನೋವೈದ್ಯರಲ್ಲಿಗೆ ಕಳಿಸಿದರು. ಅವರು ಎಡಿಎಚ್‌ಡಿ ಎಂದರು. ಗಮನ ಒಂದೆಡೆ ನಿಲ್ಲದ ತೊಂದರೆ, ಹುಟ್ಟಿನಿಂದ ಬಂದದ್ದು, ಹಾಸಿಗೆಯಲ್ಲೂ ಕಾಡುತ್ತದೆ, ಮಾತ್ರೆಯಿದೆ, ಗಂಡನೂ ಬಂದು ಮಾತಾಡಿದರೆ ಒಳ್ಳೆಯದು ಎಂದರು. ಅವಳು ಬಸ್ಸಿನಲ್ಲಿ ಅಳುತ್ತ ಬಂದಳು, ಸಂತೋಷಕ್ಕೆ.

"ಹುಟ್ಟಿನಿಂದ ಅಂದ್ರೆ ಮದುವೆಗೆ ಮುಂಚೆನೇ ಇತ್ತು" ಎಂದ ರೇಣುಕಪ್ಪ. "ನಿಮ್ಮಪ್ಪ ಮುಚ್ಚಿಟ್ಟು ನಂಗೆ ಕಟ್ಟಿದ."

"ಅಪ್ಪಂಗೆ ಹ್ಯಾಗ್ರೀ ಗೊತ್ತಿರುತ್ತೆ? ನಂಗೇ ಇವತ್ತು ಗೊತ್ತಾಗಿದ್ದು."

"ನಾನ್ಯಾಕೆ ಡಾಕ್ಟ್ರ ಹತ್ರ ಬರ್ಲಿ? ಸೀಕು ನಂದಲ್ಲ."

ವೀರಬಸಮ್ಮ ಡಾಕ್ಟರ ಚೀಟಿ ಕಸಿದುಕೊಂಡರು. "ಮಾತ್ರೆ ನಾನೇ ಕೊಡ್ತೀನಿ. ಮರೆವಿಗೆ ಕೊಟ್ಟ ಮಾತ್ರೆನೂ ಮರೀತಾಳೆ ಇವ್ಳು."

ಮಾತ್ರೆ ಹಿಡಿಸಿತು. ರವಿಕೆಗಳು ಮುಗಿಯತೊಡಗಿದವು. ಮಕ್ಕಳು ಅಜ್ಜಿಯ ಜೊತೆ ಮಠಕ್ಕೆ ಹೋಗಿದ್ದ ಒಂದು ಭಾನುವಾರ ಮಧ್ಯಾಹ್ನ ರೇಣುಕಪ್ಪ ಬಾಗಿಲು ಹಾಕಿದ. ಅವಳ ಮನಸ್ಸು ಎಲ್ಲಿಗೂ ಹೋಗಲಿಲ್ಲ. ಅಲ್ಲೇ ನಿಂತು ನೋಡಿತು. ಅವನು ಅವಳ ಮುಖ ನೋಡುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿ ಬಂದವನ ಅವಸರ ಅವನದು. ಅವಳ ಮೈಗೆ ಏನು ಬೇಕೆಂಬ ಯೋಚನೆ ಆ ಕೈಗಳಲ್ಲಿರಲಿಲ್ಲ, ಎಂದೂ ಇದ್ದಂತಿರಲಿಲ್ಲ. ತನ್ನ ಚಂಚಲತೆಯಿಂದ ಕಳೆದುಕೊಂಡೆ ಎಂದು ಇಷ್ಟು ವರ್ಷ ಕೊರಗಿದ್ದು ಇದಕ್ಕಾಗಿ.

ಅವನ ಭುಜ ಹಿಡಿದಳು. "ಸ್ವಲ್ಪ ನಿಧಾನ ರೀ. ನಂಗೂ ಬೇಕು."

ರೇಣುಕಪ್ಪ ತಟ್ಟನೆ ನಿಂತ. "ಮತ್ತೆ ಶುರುವಾಯ್ತಾ? ಇವತ್ತು ಮಾತ್ರೆ ತಗೊಂಡಿಲ್ವಾ?"

"ತಗೊಂಡಿದೀನಿ. ಅದಕ್ಕೇ ಕೇಳ್ತಿರೋದು."

ಅವನು ಪಂಚೆ ಸುತ್ತಿಕೊಂಡು ಎದ್ದ. ಸಂಜೆ ಅಮ್ಮ ಮಠದಿಂದ ಬಂದೊಡನೆ ಅವರ ಹತ್ತಿರ, ಡಾಕ್ಟರಿಗೆ ಫೋನು ಮಾಡಿ ಡೋಸು ಜಾಸ್ತಿ ಮಾಡಿಸಬೇಕು ಎಂದ.